ಬುಧವಾರ ಹಾಕಿದ ಸಹಿ

ನಮ್ಮೂರು ಹದಿನಾರಿನ ಸ್ಟಾಪಿಗೆ ನರಸೀಪುರದಿಂದ ನಂಜನಗೂಡಿಗೆ ಹೋಗುವ ಬಸ್ಸು ಬೆಳಿಗ್ಗೆ ಎಂಟೂ ಹತ್ತಕ್ಕೆ ಬರುತ್ತದೆ. ನಾನು ಬರುತ್ತಿದ್ದದ್ದು ಎಂಟೂ ಹನ್ನೆರಡಕ್ಕೆ. ಈ ಎರಡು ನಿಮಿಷವನ್ನು ಆರು ವರ್ಷ ತುಂಬಿಕೊಟ್ಟವಳು ಆ ಬಸ್ಸಿನ ಕಂಡಕ್ಟರಮ್ಮ. ದೂರದಲ್ಲಿ ನನ್ನ ಬೋಳುತಲೆ ಕಂಡರೆ ಸಾಕು, ಸೀಟಿ ಊದದೆ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. “ಓಡ್ಬ್ಯಾಡಿ ಸಾ, ಬಿದ್ದೀರಿ! ಊರೋರ ರಕ್ತ ತಗಿಯೋರ್ಗೇ ರಕ್ತ ಬಂದ್ರೆ ಎಂಗೆ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದಳು. ಬಸ್ಸು ನಗುತ್ತಿತ್ತು. ನಾನೂ ಏದುಸಿರು ಬಿಡುತ್ತಲೇ ನಗುತ್ತಿದ್ದೆ.

ನಾನು ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಆಕೆ ಮೂಗೂರಿನವಳು. ಮೂಗೂರಿನಿಂದ ಕಂಡಕ್ಟರ್ ಆದ ಮೊದಲ ಹೆಂಗಸು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು. ಅಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ ರಸ್ತೆಗೆ ಎಮ್ಮೆ ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ತುಂಬಿದ ಬಸ್ಸಿನಲ್ಲಿ ಆಕೆಯ ಮೈ ಒಂದು ಕಡೆ ತಿರುಗಿತು, ಎಡಗಾಲು ಮಾತ್ರ ಸೀಟಿನ ಕಂಬಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಮಂಡಿಯಲ್ಲಿ ಎರಡು ಮೂಳೆಗಳ ನಡುವೆ ಇರುವ ಮೆತ್ತೆ ಹರಿದುಹೋಯಿತು. ಗುರುವಾರ ಗುರುವಾರ ಮೈಸೂರಿನಿಂದ ನಮ್ಮಲ್ಲಿಗೆ ಬರುವ ಮೂಳೆ ಡಾಕ್ಟರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಅದಕ್ಕೆ ಹೊಲಿಗೆ ಹಾಕಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಈ ಮಾತನ್ನು ಈಗಲೂ ಹೇಳುತ್ತೇನೆ, ಅವರ ಕೈ ಒಳ್ಳೆಯದು.

ತೊಂದರೆ ಇದ್ದದ್ದು ಗಡುವಿನಲ್ಲಿ. ಇದ್ದಬದ್ದ ರಜೆಯನ್ನೆಲ್ಲ ಸೇರಿಸಿದರೂ ಆಕೆಗೆ ಐದು ತಿಂಗಳು. ಅಷ್ಟರೊಳಗೆ ಮೆಡಿಕಲ್ ಬೋರ್ಡಿನ ಮುಂದೆ ನಿಂತು, ಮೆಟ್ಟಿಲು ಹತ್ತಿ ಇಳಿದು, ಕುಕ್ಕರುಗಾಲಲ್ಲಿ ಕೂತು ಎದ್ದು ತೋರಿಸಬೇಕು. ಆಗದಿದ್ದರೆ ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಯಾವುದಾದರೂ ಹಗುರ ಕೆಲಸಕ್ಕೆ ಕೂರಿಸುತ್ತಾರೆ.

“ನಿಂತ್ಕಂಡ್ ಮಾಡೋ ಕೆಲ್ಸ ಸಾ ನಂದು,” ಎಂದಳು. “ಡಿಪೋಲಿ ಕುರ್ಚಿ ಮ್ಯಾಲೆ ಕುಂಡ್ರುಸ್ಬುಟ್ರೆ ನನ್ ಬಾಯೇ ಬಿದ್ದೋಯ್ತದೆ. ಎಂಗಾರಾ ಮಾಡಿ ಬಸ್ ಅತ್ತುಸ್ಬುಡಿ.”

ಹೊಲಿಗೆ ಹಾಕಿದ ಜಾಗಕ್ಕೆ ರಕ್ತದ ಓಡಾಟ ಕಡಿಮೆ, ಮಾಯುವುದು ನಿಧಾನ. ಅದಕ್ಕೇ ಡಾಕ್ಟರು ಪಿ.ಆರ್.ಪಿ. ಕೊಡೋಣ ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಇಲ್ಲಿ ಮೈಯೊಳಗಿನ ರಕ್ತವೇ ಮದ್ದು. ರೋಗಿಯದೇ ರಕ್ತ ತೆಗೆದು, ಗಾಯ ಮಾಯಿಸುವ ಪ್ಲೇಟ್‌ಲೆಟ್ ಕಣಗಳನ್ನು ಅದರಿಂದ ಒಟ್ಟುಗೂಡಿಸಿ, ಅದೇ ರೋಗಿಯ ಮಂಡಿಗೆ ಚುಚ್ಚುವುದು. ಮೂರು ವಾರಕ್ಕೊಂದರಂತೆ ಮೂರು ಸಲ. ಎಲ್ಲರಿಗೂ ಫಲ ಕೊಡುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಆಕೆ ಡಾಕ್ಟರಿಗೆ ಉತ್ತರ ಕೊಡಲಿಲ್ಲ. ಕುಂಟುತ್ತ ನೇರ ನನ್ನ ಲ್ಯಾಬಿಗೆ ಬಂದಳು.

“ನೀವ್ ಮಾಡ್ತೀರಾ ಸಾ ಇದ?”

“ನಾನೇ ಮಾಡೋದು.”

“ಅಂಗಾರೆ ಮಾಡುಸ್ಕತೀನಿ.”

ಮಾಡುವ ಕ್ರಮವನ್ನು ಸ್ವಲ್ಪ ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಹೆಪ್ಪುಗಟ್ಟದಂತೆ ಮದ್ದು ಹಾಕಿದ ಟ್ಯೂಬುಗಳಿಗೆ ಮೂವತ್ತು ಎಂ.ಎಲ್. ರಕ್ತ ತೆಗೆಯುತ್ತೇನೆ. ಕುಲುಕುವಂತಿಲ್ಲ, ಮಗುವಿನ ಮಗ್ಗುಲು ಬದಲಿಸುವ ಹಾಗೆ ಹೊರಳಿಸಬೇಕು. ಆಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹತ್ತು ನಿಮಿಷ ನಿಧಾನದ ಸುತ್ತು. ತೆಗೆದಾಗ ಕೆಳಗೆ ಕೆಂಪು, ಮೇಲೆ ಹಳದಿ ನೀರು, ನಡುವೆ ಕೆನೆಯಂತೆ ಒಂದು ಬಿಳಿ ಗೆರೆ. ಸೂಜಿಗೆ ಕೆಂಪು ತಾಗದಂತೆ ಹಳದಿಯನ್ನೂ ಗೆರೆಯ ಮೇಲುಭಾಗವನ್ನೂ ಬೇರೆ ಟ್ಯೂಬಿಗೆ ಎಳೆಯುತ್ತೇನೆ. ಮತ್ತೆ ಹತ್ತು ನಿಮಿಷ, ಈ ಸಲ ಜೋರು ಸುತ್ತು. ಈಗ ಕಣಗಳೆಲ್ಲ ತಳದಲ್ಲಿ ಅಂಗಿಯ ಸಣ್ಣ ಗುಂಡಿಯಂತೆ ಕೂತಿರುತ್ತವೆ. ಮೇಲಿನ ಮುಕ್ಕಾಲು ಪಾಲು ನೀರು ಚೆಲ್ಲಿ, ಉಳಿದದ್ದನ್ನು ಅಂಗೈಗಳ ನಡುವೆ ಉರುಳಿಸಿದರೆ ಗುಂಡಿ ಕರಗುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಒಳಗೆ ಹೊಗೆ ಸುಳಿದಂತೆ ಕಾಣಬೇಕು. ಕಂಡರೆ ಕೆಲಸ ಕೈಗೂಡಿದೆ ಎಂದು ಅರ್ಥ. ಕೊನೆಗೆ ಒಂದು ತೊಟ್ಟನ್ನು ಎಣಿಕೆ ಯಂತ್ರಕ್ಕೆ ಕೊಡುತ್ತೇನೆ. ಮೊದಲಿದ್ದದ್ದರ ನಾಲ್ಕು ಪಟ್ಟಾದರೂ ಬರಬೇಕು.

ಎಣಿಕೆ ಬೇಕೇಬೇಕು ಎಂದು ಡಾಕ್ಟರು ಹೇಳಿದವರಲ್ಲ. ಅದು ನನ್ನ ಹಟ. ಒಂದೇ ಸುತ್ತಿನ ಹಳದಿ ನೀರೂ ಎರಡು ಸುತ್ತಿನದೂ ಸಿರಿಂಜಿನಲ್ಲಿ ರೋಗಿಯ ಕಣ್ಣಿಗೆ ಒಂದೇ. ಆದ್ದರಿಂದ ನಾನೊಂದು ಚೀಟಿ ಮಾಡಿಕೊಂಡಿದ್ದೆ. “ಎರಡು ಸುತ್ತು ಆಗಿದೆ, ಎಣಿಕೆ ಇಷ್ಟು” ಎಂದು ಬರೆದು, ಸಹಿ ಹಾಕಿ, ಸಿರಿಂಜಿಗೆ ಅಂಟಿಸುತ್ತಿದ್ದೆ. ರೋಗಿಗಳಿಗೂ ಹೇಳಿಕೊಡುತ್ತಿದ್ದೆ: ನನ್ನ ಸಹಿ ನೋಡಿ, ಆಮೇಲೆ ಕಾಲು ಚಾಚಿ. ಸ್ವಲ್ಪ ಜಂಬವೂ ಇತ್ತು, ಇಲ್ಲವೆನ್ನುವುದಿಲ್ಲ.

ಮೊದಲ ಗುರುವಾರ ಕಂಡಕ್ಟರಮ್ಮನ ಎಣಿಕೆ ಒಂಬತ್ತು ಲಕ್ಷದ ಎಂಬತ್ತನಾಲ್ಕು ಸಾವಿರ ಬಂತು. ಆಕೆ ಚೀಟಿಯನ್ನು ಗಟ್ಟಿಯಾಗಿ ಓದಿ, ಸಹಿ ನೋಡಿ, ಕಾಲು ಚಾಚಿದಳು. ಚುಚ್ಚಿಸಿಕೊಂಡ ಮೇಲೆ ಚೀಟಿ ಕೇಳಿ ಇಸಿದುಕೊಂಡಳು. “ಟಿಕೇಟ್ ಸಾ, ಇಳಿಯೋಗಂಟ ಇರ್ಬೇಕು,” ಎಂದು ಪರ್ಸಿಗೆ ಹಾಕಿಕೊಂಡಳು. ನೋವಿನ ಮಾತ್ರೆ ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತದೆ, ಜ್ವರದ ಮಾತ್ರೆ ಬಿಟ್ಟು ಬೇರೇನೂ ನುಂಗಬೇಡ ಎಂದು ನಾನು ಮೂರು ಸಲ ಹೇಳಿ ಕಳಿಸಿದೆ. ಎರಡು ವಾರದಲ್ಲಿ ಮಂಡಿ ನೂರು ಡಿಗ್ರಿವರೆಗೆ ಮಡಚಿತು. ಡಾಕ್ಟರೂ ಭೇಷ್ ಎಂದರು.

ಎರಡನೆಯ ಇಂಜೆಕ್ಷನ್ನಿನ ಗುರುವಾರ ನರಸೀಪುರದಲ್ಲಿ ನಮ್ಮಣ್ಣನ ಮಗಳ ಬೀಗರೂಟ ಬಿತ್ತು. ನಮ್ಮ ಕಡೆ ಮದುವೆಗೆ ಬರದಿದ್ದರೆ ಕ್ಷಮಿಸುತ್ತಾರೆ, ಬೀಗರೂಟಕ್ಕೆ ಬರದಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬುಧವಾರ ಸಂಜೆ ಸಿಸ್ಟರ್ ಲ್ಯಾಬಿಗೆ ಬಂದರು. ಸಿಸ್ಟರ್ ಎಂದರೆ ನಮ್ಮ ಹಿರಿಯ ನರ್ಸು. ಹದಿನಾಲ್ಕು ವರ್ಷ ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಹಂಚಿಕೊಂಡು ಉಂಡವರು ನಾವು. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಮಗಳ ಹಾಗೆ ನೋಡಿಕೊಂಡಿದ್ದರು. ಎರಡು ಸುತ್ತಿನ ಕೆಲಸವನ್ನೂ ಎಣಿಕೆಯನ್ನೂ ಅವರಿಗೆ ಕಲಿಸಿದವನು ನಾನೇ.

“ನಾಳೆ ಆರು ಜನ ಇದ್ದಾರೆ. ನಾನೇ ಮಾಡ್ತೀನಿ,” ಎಂದರು. “ಆದ್ರೆ ನಿಮ್ಮ ಸಹಿ ಇಲ್ದಿದ್ರೆ ಆ ಕಂಡಕ್ಟರಮ್ಮ ಕಾಲೇ ಚಾಚಲ್ಲ. ಚೀಟಿಗೆ ಸಹಿ ಹಾಕಿಟ್ಟು ಹೋಗಿ. ನಂಬರ್ ನಾನು ತುಂಬ್ಕೋತೀನಿ.”

“ಎರಡೂ ಸುತ್ತು ಮಾಡ್ತೀರಲ್ಲ?”

“ನಿಮ್ಮ ಶಿಷ್ಯೆ ಅಲ್ವಾ ನಾನು? ನಂಬಿಕೆ ಇಲ್ವಾ?”

ಕಚೇರಿಗಳಲ್ಲಿ, ಸ್ಕೂಲುಗಳಲ್ಲಿ ರಜೆಗೆ ಹೋಗುವವರು ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋಗುವುದು ಹೊಸದೇನಲ್ಲ. ಕೆಲಸ ನಿಲ್ಲಬಾರದಲ್ಲ. ನಾನೂ ಆರು ಚೀಟಿಗೆ ಸಹಿ ಹಾಕಿ, ಡ್ರಾಯರಿನಲ್ಲಿಟ್ಟು, ಬಸ್ಸು ಹತ್ತಿದೆ.

ಶುಕ್ರವಾರ ಬಂದಾಗ ಸಿಸ್ಟರ್ ನಗುನಗುತ್ತಾ ಎಲ್ಲ ಆಯಿತು ಎಂದರು. ಮಟನ್ ಬೆಂದಿತ್ತಾ, ಬೀಗರು ಏನಾದರೂ ಕೊಂಕು ತೆಗೆದರಾ ಎಂದು ಅರ್ಧ ಗಂಟೆ ವಿಚಾರಿಸಿಕೊಂಡರು. ನಾನೂ ಬಾಯ್ತುಂಬ ಹೇಳಿದೆ.

ಎರಡು ವಾರಕ್ಕೆ ಕಂಡಕ್ಟರಮ್ಮ ಆಟೊದಲ್ಲಿ ಬಂದಳು. ಮಂಡಿ ಊದಿತ್ತು. ಎಂಬತ್ತು ಡಿಗ್ರಿ ಮಡಚುವಷ್ಟರಲ್ಲಿ ಹಲ್ಲು ಕಚ್ಚುತ್ತಿದ್ದಳು. ಡಾಕ್ಟರು ಮುಟ್ಟಿ ನೋಡಿ, “ನೋವಿನ ಮಾತ್ರೆ ನುಂಗಿದ್ದೀಯಮ್ಮ. ಹೇಳಿದ್ದು ಕೇಳಲ್ಲ ನೀವು,” ಎಂದರು. ಆಕೆ ಇಲ್ಲವೆಂದಳು. ಡಾಕ್ಟರು ಆಗಲೇ ಮುಂದಿನ ರೋಗಿಯ ಎಕ್ಸ್‌ರೇ ಎತ್ತಿಕೊಂಡಿದ್ದರು.

ನಾನು ಆಕೆಯನ್ನು ಲ್ಯಾಬಿಗೆ ಕರೆದುಕೊಂಡು ಬಂದೆ. ಸಮಾಧಾನ ಹೇಳುವುದಕ್ಕಲ್ಲ, ಬೈಯುವುದಕ್ಕೆ. ಅಷ್ಟು ಒಪ್ಪವಾಗಿ ಮಾಡಿಕೊಟ್ಟ ಕೆಲಸವನ್ನು ಎರಡು ಮಾತ್ರೆಗೆ ಹಾಳು ಮಾಡಿದೆಯಲ್ಲ, ನಿನಗೇ ಬಸ್ಸು ಬೇಡವಾದರೆ ನಾನೇನು ಮಾಡಲಿ ಎಂದು ಬಾಯಿಗೆ ಬಂದಂತೆ ಅಂದೆ. ಆಕೆಯ ದೊಡ್ಡ ಗಂಟಲು ಅಂದು ಏಳಲೇ ಇಲ್ಲ.

“ನನ್ ಮಕ್ಳಾಣೆಗೂ ನುಂಗಿಲ್ಲ ಸಾ. ಐಸ್ ತರ್ಸಿ ಮಂಡಿಗೆ ಕಟ್ಕಂಡು ಅಳ್ತಾ ಕುಂತಿದ್ದೀನಿ. ಮಾತ್ರೆ ಮುಟ್ಬ್ಯಾಡ ಅಂದೋರು ನೀವು ಅಂತ ಮುಟ್ಟಿಲ್ಲ.” ಪರ್ಸು ತೆಗೆದು, ಎರಡು ಚೀಟಿಗಳನ್ನು ಮೇಜಿನ ಮೇಲೆ ಇಟ್ಟಳು. “ನೋಡಿ, ಎಲ್ಡೂ ಜ್ವಾಪಾನ ಮಾಡಿದ್ದೀನಿ. ನಾನೇನು ತಪ್ಪು ಮಾಡ್ದೆ ಏಳಿ?”

ಮೊದಲ ಚೀಟಿಯಲ್ಲಿ ಒಂಬತ್ತು ಲಕ್ಷದ ಎಂಬತ್ತನಾಲ್ಕು ಸಾವಿರ. ಎರಡನೆಯದರಲ್ಲೂ ಒಂಬತ್ತು ಲಕ್ಷದ ಎಂಬತ್ತನಾಲ್ಕು ಸಾವಿರ. ಒಂದೇ ರಕ್ತವನ್ನು ಒಂದೇ ಗಂಟೆಯಲ್ಲಿ ಎರಡು ಸಲ ಎಣಿಸಿದರೂ ಸಂಖ್ಯೆ ಹೀಗೆ ಕೂಡಿಬರುವುದು ಅಪರೂಪ. ಮೂರು ವಾರ ಬಿಟ್ಟು ಬರುವುದೆಂದರೆ ನಾನು ನಂಬುವವನಲ್ಲ. ಎರಡರ ಕೆಳಗೂ ನನ್ನ ಸಹಿ ಚೆನ್ನಾಗಿ ಮೂಡಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ಸರಿ, ಹೋಗಿ ಬಾ, ಮುಂದಿನ ಗುರುವಾರ ನೋಡೋಣ,” ಎಂದು ಕಳಿಸಿದೆ. ಬಾಗಿಲು ಹಾಕಿಕೊಂಡು ಎಣಿಕೆ ಯಂತ್ರದ ಮೆಮೊರಿ ತೆರೆದೆ. ಎಣಿಸಿದ್ದೆಲ್ಲ ದಿನ, ಗಂಟೆಯ ಸಮೇತ ಅದರಲ್ಲಿ ಉಳಿದಿರುತ್ತದೆ. ಬೀಗರೂಟದ ಆ ಗುರುವಾರ ಬೆಳಿಗ್ಗೆ ಒಬ್ಬ ಜ್ವರದವನು, ಒಬ್ಬ ಬಸುರಿ, ಇಬ್ಬರದೇ ಎಣಿಕೆ. ಅದಾದ ಮೇಲೆ ಯಂತ್ರ ಕಣ್ಣೇ ಬಿಟ್ಟಿರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಆರು ಜನರ ಮುಂದೆ ಆರು ಸಂಖ್ಯೆ.

ಸಿಸ್ಟರನ್ನು ಕರೆದು ಕೇಳಿದೆ. ಅವರು ಸುಳ್ಳಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

“ಡಾಕ್ಟ್ರು ಮೂರು ಗಂಟೆಗೆ ಮೈಸೂರಲ್ಲಿ ಇನ್ನೊಂದು ಆಪರೇಷನ್‌ಗೆ ಇರ್ಬೇಕಿತ್ತು. ಒಂದೇ ಸುತ್ತು ಸಾಕು, ಬೇಗ ಎಳ್ಕೊಡಿ ಅಂದ್ರು. ನಾನೇನ್ ಮಾಡ್ಲಿ?”

“ಈ ನಂಬರು?”

“ಆಯಮ್ಮ ಓದ್ತಾಳಲ್ಲ. ಹಿಂದಿನ ಸಲದ್ದೇ ಬರ್ದೆ.”

“ಶುಕ್ರವಾರ ನನಗೊಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಏನ್ ವಿಷ ಕೊಟ್ವಾ? ಅವಳ ರಕ್ತ ಅವಳಿಗೇ ಹೋಯ್ತು.”

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನನಗೆ ಉರಿದದ್ದು ಒಂದು ಸುತ್ತು ಕಡಿಮೆಯಾದದ್ದಕ್ಕಿಂತ ಆ ಶುಕ್ರವಾರದ ಅರ್ಧ ಗಂಟೆಗೆ. ಮೋಸ ಮಾಡಿದ ಬಾಯಲ್ಲೇ ಮಟನ್ ಬೆಂದಿತ್ತಾ ಎಂದು ಕೇಳಿದ್ದರು. ಅಂದಿನಿಂದ ನಾನು ಅವರೊಂದಿಗೆ ಕೂತು ಉಣ್ಣಲಿಲ್ಲ.

ಅಷ್ಟರಲ್ಲಿ ಮೈಸೂರಿಗೆ ಹೊರಟುಹೋಗಿದ್ದ ಡಾಕ್ಟರಿಗೆ ಫೋನ್ ಮಾಡಿದೆ.

“ಸಿಂಗಲ್ ಸ್ಪಿನ್ ಅಂತ ಮೆಥಡ್ಡೇ ಇದೆ ಕಣ್ರೀ, ಎಷ್ಟೋ ಕಡೆ ಅದನ್ನೇ ಕೊಡ್ತಾರೆ. ಕೆಲವು ಮಂಡಿ ಕೇಳುತ್ತೆ, ಕೆಲವು ಕೇಳಲ್ಲ,” ಎಂದರು. ಅದೂ ನಿಜವೇ. ಎರಡು ಸುತ್ತಿನದು ಹೋಗಿದ್ದರೂ ಆಕೆಯ ಮಂಡಿ ಊದುತ್ತಿತ್ತೋ ಏನೋ, ಯಾರೂ ಹೇಳಲಾರರು.

“ಹಾಗಾದ್ರೆ ಸಿಂಗಲ್ ಅಂತಲೇ ಬರೀಬೇಕಿತ್ತು ಸಾರ್. ಮಾತ್ರೆ ನುಂಗಿದ್ದೀಯ ಅಂತ ಆಯಮ್ಮನ ಮೇಲೆ ಯಾಕೆ ಹಾಕಿದ್ರಿ?”

ಅವರು ತಣ್ಣಗೆ, “ಚೀಟಿ ಮೇಲೆ ಸಹಿ ಯಾರದ್ದು?” ಎಂದರು. “ನೀವು ಎಬ್ಬಿಸಿದ್ರೆ ಮೊದಲು ಬೀಳೋರು ನೀವೇ. ಮೂರನೇದು ಚೆನ್ನಾಗಿ ಮಾಡ್ಕೊಡಿ. ವಿಷಯ ಅಲ್ಲಿಗೇ ಮುಗೀಲಿ.”

ಮಾತು ನನ್ನೊಳಗೆ ಕೂತಿತು. ಮೂರನೆಯದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದರೆ ಆಯಿತಲ್ಲ. ಮಂಡಿ ಮಡಚಿದರೆ ಆಕೆಗೆ ಬಸ್ಸು ಸಿಗುತ್ತದೆ, ನನಗೆ ಕೆಲಸ ಉಳಿಯುತ್ತದೆ. ನಾಲ್ಕು ದಿನ ಹೀಗೇ ಲೆಕ್ಕ ಹಾಕಿದೆ. ಆ ನಾಲ್ಕು ದಿನವೂ ಎಂಟೂ ಹತ್ತರ ಬಸ್ಸಿಗೆ ನಾನು ನಿಜವಾಗಿ ಓಡಬೇಕಾಗಿತ್ತು. ಆಕೆಯ ಬದಲಿಗೆ ಬಂದಿದ್ದ ಕಂಡಕ್ಟರ್ ಯಾರಿಗೂ ಕಾಯುವವನಲ್ಲ, ಯಾರ ಮುಖವನ್ನೂ ನೋಡುವವನಲ್ಲ. ನಾಲ್ಕನೆಯ ದಿನ ಕಂಬಿ ಹಿಡಿದು ನಿಂತಿದ್ದಾಗ ಐಸ್ ಕಟ್ಟಿಕೊಂಡು ಅಳುತ್ತಾ ಕೂತವಳ ನೆನಪಾಯಿತು. ಆಕೆ ತನ್ನ ಮಾತು ಉಳಿಸಿಕೊಂಡಿದ್ದಳು. ಸುಳ್ಳಿ ಎಂದು ಕರೆಸಿಕೊಂಡವಳೂ ಆಕೆಯೇ. ಮೂರನೆಯದು ಎಷ್ಟೇ ಚೆನ್ನಾಗಿ ಆದರೂ ಆ ಮಾತು ಆಕೆಯ ಮೇಲೆ ಹಾಗೇ ಉಳಿಯುತ್ತದೆ ಎನ್ನಿಸಿತು. ಹೇಳುವುದೆಂದು ನಿರ್ಧರಿಸಿದೆ.

ಗುರುವಾರ ಆಕೆ ಬಂದು ಕೈ ಮುಂದೆ ಮಾಡಿದಳು. ನಾನು ತೋಳಿಗೆ ಕಟ್ಟುವ ರಬ್ಬರನ್ನು ಮೇಜಿನ ಮೇಲಿಟ್ಟು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ. “ನೀನು ಮಾತ್ರೆ ನುಂಗಿರಲಿಲ್ಲ. ಬೈದದ್ದು ನನ್ನ ತಪ್ಪು,” ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಒಂದೇ ಸುತ್ತು, ಇಲ್ಲದ ಎಣಿಕೆ, ನಕಲು ಮಾಡಿದ ನಂಬರು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಹೀಗೆ ಮಾಡಿಸಿದರು, ಸಿಸ್ಟರ್ ಹೀಗೆ ಬರೆದರು, ನನಗೆ ಇಬ್ಬರೂ ಮೋಸ ಮಾಡಿದರು ಎಂದೆ. ಹೇಳುತ್ತಾ ಹೇಳುತ್ತಾ ನನಗೆ ನನ್ನ ಮೇಲೇ ಕನಿಕರ ಬರುತ್ತಿತ್ತು. ಆಕೆ ನನ್ನ ಪರವಾಗಿ ಆ ಇಬ್ಬರಿಗೂ ನಾಲ್ಕು ಮಾತು ಬಿಗಿಯುತ್ತಾಳೆ ಎಂದುಕೊಂಡಿದ್ದೆ.

ಆಕೆ ಅವರ ಕಡೆ ನೋಡಲೂ ಇಲ್ಲ. ಪರ್ಸಿನಿಂದ ಎರಡನೆಯ ಚೀಟಿ ತೆಗೆದು ನನ್ನ ಮುಂದೆ ಹಿಡಿದಳು.

“ಇದು ನಿಮ್ ಸೈನೇ ಅಲ್ವಾ ಸಾ?”

“ಹೌದು.”

“ಯಾವತ್ತು ಆಕುದ್ರಿ?”

“ಬುಧವಾರ.”

“ನನ್ ರಕ್ತ ತಗದಿದ್ದು ಗುರುವಾರ.”

ಆಕೆ ಚೀಟಿಯನ್ನು ಮೇಜಿನ ಮೇಲಿಟ್ಟಳು.

“ಪ್ಯಾಸೆಂಜರ್ ಅತ್ತಕೆ ಮುಂಚೆನೇ ಟಿಕೇಟ್ ಒಡ್ದಂಗೆ,” ಎಂದಳು. ದನಿ ಏರಿರಲಿಲ್ಲ. “ನಾನ್ ಅಂಗ್ ಮಾಡುದ್ರೆ ಚೆಕಿಂಗ್‌ನೋರು ಅಲ್ಲೇ ಮನೀಗೆ ಕಳುಸ್ತಾರೆ. ಡಾಕ್ಟ್ರ ಯಾರು ಅಂತ ನಂಗೆ ಗೊತ್ತಿಲ್ಲ ಸಾ. ಸಿಸ್ಟರೂ ಗೊತ್ತಿಲ್ಲ. ನಾನ್ ಕಾಲ್ ಚಾಚಿದ್ದು ನಿಮ್ ಸೈನ್ ನೋಡ್ಕಂಡು.”

ಅವರು ನನಗೆ ಮೋಸ ಮಾಡಿದ್ದು ನಿಜ. ಆದರೆ ಅವರು ಮಾಡಿದ್ದು ಗುರುವಾರ, ನಾನು ಮಾಡಿದ್ದು ಬುಧವಾರ. ಇಷ್ಟು ಸರಳವಾದ ಲೆಕ್ಕ ವಾರಗಟ್ಟಲೆ ನನ್ನ ತಲೆಗೆ ಹೊಳೆದಿರಲಿಲ್ಲ.

ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ, ಕೈ ಮತ್ತೆ ಮುಂದೆ ಮಾಡಿದಳು. “ಮೂರ್ನೇದ ನನ್ ಕಣ್ಮುಂದೆ ಮಾಡಿ,” ಎಂದಳು. ಸೆಂಟ್ರಿಫ್ಯೂಜಿನ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತಳು. ಮೊದಲ ಸುತ್ತು ಮುಗಿಯುವವರೆಗೆ ಕಣ್ಣು ಕೀಳಲಿಲ್ಲ, ಎರಡನೆಯದಕ್ಕೂ ಕೀಳಲಿಲ್ಲ. ಡಾಕ್ಟರು ಎರಡು ಸಲ ಹೇಳಿ ಕಳಿಸಿದರು, ಕಾಯಲಿ ಎಂದೆ. ಎಣಿಕೆ ಯಂತ್ರದ ಪರದೆಯನ್ನು ಆಕೆಯೇ ಓದಿದಳು: ಹತ್ತು ಲಕ್ಷದ ಹನ್ನೆರಡು ಸಾವಿರ. ನಾನು ರೂಢಿಯಂತೆ ಚೀಟಿ ಬರೆದು ಸಹಿ ಹಾಕಿ ಸಿರಿಂಜಿಗೆ ಅಂಟಿಸಿದೆ. ಆಕೆ ಅದನ್ನು ಉಗುರಿನಿಂದ ಬಿಡಿಸಿ ನನ್ನ ಅಂಗೈ ಮೇಲಿಟ್ಟು, “ಇದ ನೀವೇ ಮಡಿಕಳಿ,” ಎಂದು ಒಳಗೆ ಹೋದಳು.

ಅಂದೇ ರಿಜಿಸ್ಟರಿನಲ್ಲಿ ಆ ಆರು ಸಾಲುಗಳ ಪಕ್ಕದಲ್ಲಿ ಕೆಂಪು ಶಾಯಿಯಿಂದ “ಒಂದೇ ಸುತ್ತು, ಎಣಿಕೆ ಆಗಿಲ್ಲ, ಸಹಿ ಹಿಂದಿನ ದಿನದ್ದು” ಎಂದು ಬರೆದೆ. ಉಳಿದ ಐದು ಜನಕ್ಕೂ ಫೋನ್ ಮಾಡಿ ಹೇಳಿದೆ. ಒಬ್ಬರು ಥ್ಯಾಂಕ್ಸ್ ಅಂದರು, ಇಬ್ಬರು ಚೆನ್ನಾಗಿ ಉಗಿದರು, ಇನ್ನಿಬ್ಬರಿಗೆ ನಾನು ಏನು ಹೇಳುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. ಮಾರನೆಯ ವಾರದಿಂದ ನಾನು ಬರುವುದು ಬೇಡವೆಂದು ನರ್ಸಿಂಗ್ ಹೋಮಿನವರು ಹೇಳಿದರು. ಈಗ ನಂಜನಗೂಡಿನಲ್ಲೇ ಇನ್ನೊಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಜ್ವರ, ಸಕ್ಕರೆ, ಮೂತ್ರ. ಟ್ಯೂಬು ಕೈಯಲ್ಲಿ ಇಲ್ಲದೆ ಸಹಿ ಹಾಕುವುದಿಲ್ಲ.

ಬೋರ್ಡಿನಲ್ಲಿ ಏನಾಯಿತೆಂದು ತಿಳಿಯಲಿಲ್ಲ. ಫೋನ್ ಮಾಡಲು ಮುಖವಿರಲಿಲ್ಲ. ಎರಡೂವರೆ ತಿಂಗಳು ಅದೇ ಮುಖ ನೋಡದ ಬದಲಿ ಕಂಡಕ್ಟರನ ಹಿಂದೆ ಓಡಿದೆ.

ಹೋದ ತಿಂಗಳ ಒಂದು ಸೋಮವಾರ ಓಣಿಯ ತಿರುವಿನಲ್ಲಿದ್ದಾಗಲೇ ಆ ಗಂಟಲು ಕೇಳಿಸಿತು: “ಒಳೀಕ್ ಬನ್ರವ್ವ, ಒಳೀಕ್! ಬಾಗ್ಲಲ್ಲೇ ಸಂಸಾರ ಮಾಡ್ಬ್ಯಾಡಿ!” ಓಡತೊಡಗಿದೆ. ಸ್ಟಾಪಿನಲ್ಲಿ ಇಳಿದು ನಿಂತು ಒಬ್ಬಳು ಮುದುಕಿಯನ್ನು ಹತ್ತಿಸುತ್ತಿದ್ದಳು. ಆಮೇಲೆ ತಾನೂ ಎಡಗಾಲನ್ನೇ ಮೊದಲು ಮೆಟ್ಟಿಲಿಗೆ ಊರಿ, ಮಂಡಿ ಮಡಚಿ, ಕಂಬಿಯ ಆಸರೆಯಿಲ್ಲದೆ ಹತ್ತಿದಳು. ನನಗೆ ಅಲ್ಲೇ ನಿಂತು ಅಳುವಷ್ಟು ಸಂತೋಷವಾಯಿತು. ಮೊದಲನೆಯದು ಹಿಡಿಯಿತೋ, ಮೂರನೆಯದೋ, ಬರೀ ಕಾಲವೇ ಮಾಯಿಸಿತೋ, ಯಾವುದಾದರೇನು? ನೂರು ಹೆಜ್ಜೆ ದೂರದಲ್ಲಿ ಕೈ ಎತ್ತಿದೆ.

ಆಕೆ ನನ್ನನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ ವಾಚು ನೋಡಿಕೊಂಡು ಸೀಟಿ ಊದಿದಳು.

ಆಕೆಯದೇನೂ ತಪ್ಪಿಲ್ಲ. ಬಸ್ಸಿನ ಟೈಮು ಎಂಟೂ ಹತ್ತು, ಹೊರಟದ್ದೂ ಎಂಟೂ ಹತ್ತಕ್ಕೇ.